ಅಸಿರ್ಟಿಕೊ: ಮೂಗಿಗಿಂತ ನಾಲಿಗೆಯಿಂದ ಅರಿಯಬೇಕಾದ ಬಿಳಿ ದ್ರಾಕ್ಷಿ

ಬಿಳಿ ವೈನ್ ಎಂದೊಡನೆ ಲೋಟವನ್ನು ಮೂಗಿನ ಬಳಿಗೆ ಒಯ್ದು, ಯಾವ ಹೂವಿನ ವಾಸನೆ, ಯಾವ ಹಣ್ಣಿನ ವಾಸನೆ ಎಂದು ಹುಡುಕುವ ಅಭ್ಯಾಸ ಹೆಚ್ಚಿನವರಿಗೆ ಸೊವಿನ್ಯೋ ಬ್ಲಾಂಕ್, ಮಸ್ಕಟ್ ಮುಂತಾದ ಪರಿಮಳ ತುಂಬಿದ ತಳಿಗಳಿಂದ ಬಂದಿರುತ್ತದೆ. ಗ್ರೀಸಿನ ಸಾಂಟೊರಿನಿ ದ್ವೀಪದ ಅಸಿರ್ಟಿಕೊ ತಳಿಯನ್ನು ಅದೇ ಅಭ್ಯಾಸದಿಂದ ಸಮೀಪಿಸಿದವರು ಬಹುಪಾಲು ನಿರಾಶರಾಗುತ್ತಾರೆ. ಅದರ ಎಳೆಯ ವೈನಿನಲ್ಲಿ ಮೂಗಿಗೆ ಸಿಗುವುದು ಬಹಳ ಕಡಿಮೆ: ನಿಂಬೆಯ ಸಿಪ್ಪೆ, ಸ್ವಲ್ಪ ಕಾಯಿಯಾದ ಪೇರು ಹಣ್ಣು, ಕೆಲವೊಮ್ಮೆ ಬೆಂಕಿಕಡ್ಡಿ ಗೀರಿದಾಗ ಬರುವಂಥ ಸಣ್ಣ ಹೊಗೆ. ಈ ತಳಿಯ ನಿಜವಾದ ಗುಣಗಳು ಬಾಯಿಯೊಳಗೆ ತಿಳಿಯುವಂಥವು. ಹುಳಿಯ ತೀಕ್ಷ್ಣತೆ, ವೈನಿನ ತೂಕ, ಕೊನೆಯಲ್ಲಿ ನಾಲಿಗೆಯ ಮೇಲೆ ಉಳಿಯುವ ಉಪ್ಪಿನಂಥ ಅನುಭವ ಮತ್ತು ತೆಳುವಾದ ಒಗರು, ಈ ನಾಲ್ಕನ್ನು ಗುರುತಿಸಲು ಕಲಿತವರಿಗೆ ಅಸಿರ್ಟಿಕೊ ಪರಿಚಯವಾಯಿತೆಂದೇ ಹೇಳಬಹುದು. ಈ ಬರಹ ಆ ಕಲಿಕೆಯನ್ನು ಯಾವ ಕ್ರಮದಲ್ಲಿ ಮಾಡಿಕೊಳ್ಳಬಹುದು ಎಂಬುದನ್ನು ವಿವರಿಸುತ್ತದೆ.

ಮೊದಲು ನೆಲವನ್ನು ತಿಳಿಯುವುದು

ಬೇರೆ ಹಲವು ತಳಿಗಳ ವಿಷಯದಲ್ಲಿ ಭೂಗೋಳದ ಪಾಠವನ್ನು ಆಮೇಲೆ ಓದಿಕೊಂಡರೂ ನಡೆಯುತ್ತದೆ. ಅಸಿರ್ಟಿಕೊ ವಿಷಯದಲ್ಲಿ ಹಾಗಾಗದು, ಏಕೆಂದರೆ ಬಾಯಿಗೆ ಸಿಗುವ ಪ್ರತಿಯೊಂದು ಗುಣಕ್ಕೂ ಆ ದ್ವೀಪದಲ್ಲಿ ಒಂದು ಕಾರಣವಿದೆ. ಏಜಿಯನ್ ಸಮುದ್ರದ ದಕ್ಷಿಣಕ್ಕಿರುವ ಸಾಂಟೊರಿನಿ, ಅಥವಾ ಥಿರಾ, ಸುಮಾರು 3,600 ವರ್ಷಗಳ ಹಿಂದೆ ಭಾರೀ ಜ್ವಾಲಾಮುಖಿ ಸ್ಫೋಟವೊಂದರಿಂದ ನಡು ಕುಸಿದು, ಈಗಿನ ಅರ್ಧಚಂದ್ರಾಕಾರಕ್ಕೆ ಬಂದ ದ್ವೀಪ. ಅಂದು ಬಿದ್ದ ಬೂದಿ, ಸಣ್ಣ ರಂಧ್ರಗಳಿರುವ ಹಗುರವಾದ ಪ್ಯೂಮಿಸ್ ಕಲ್ಲು ಮತ್ತು ಲಾವಾದ ಚೂರುಗಳ ದಪ್ಪನೆಯ ಪದರವೇ ಇಂದಿನ ದ್ರಾಕ್ಷಿ ತೋಟಗಳ ಮಣ್ಣು. ಅದರಲ್ಲಿ ಸಾವಯವ ಅಂಶ ಅತ್ಯಲ್ಪ, ಜೇಡಿ ಇಲ್ಲವೆನ್ನುವಷ್ಟು ಕಡಿಮೆ, ಪೊಟ್ಯಾಸಿಯಮ್ ಕೂಡ ಕಡಿಮೆ.

ಈ ಕೊರತೆಗಳಲ್ಲಿ ಎರಡು ಬಹಳ ಮುಖ್ಯವಾದವು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ದ್ರಾಕ್ಷಿ ತೋಟಗಳನ್ನು ನಾಶಮಾಡಿದ ಫಿಲಾಕ್ಸೆರಾ ಎಂಬ ಕೀಟಕ್ಕೆ ಜೇಡಿಯಿಲ್ಲದ ಈ ಮರಳು ಬೂದಿಯಲ್ಲಿ ಬದುಕಲು ಆಗಲಿಲ್ಲ. ಹಾಗಾಗಿ ಯುರೋಪಿನ ಬಹುಭಾಗದಲ್ಲಿ ಅಮೆರಿಕದ ಬೇರುಗಳ ಮೇಲೆ ಕಸಿ ಕಟ್ಟಿ ಬಳ್ಳಿಗಳನ್ನು ಉಳಿಸಿಕೊಳ್ಳಬೇಕಾಗಿ ಬಂದಾಗ, ಸಾಂಟೊರಿನಿಯ ಬಳ್ಳಿಗಳು ಮಾತ್ರ ತಮ್ಮ ಸ್ವಂತ ಬೇರಿನ ಮೇಲೆಯೇ ನಿಂತವು. ಇನ್ನು ಪೊಟ್ಯಾಸಿಯಮ್ ಕೊರತೆಯ ಫಲ ನೇರವಾಗಿ ರುಚಿಗೆ ಸಂಬಂಧಿಸಿದ್ದು. ದ್ರಾಕ್ಷಿ ರಸದಲ್ಲಿರುವ ಟಾರ್ಟಾರಿಕ್ ಆಮ್ಲವು ಪೊಟ್ಯಾಸಿಯಮ್‌ನೊಂದಿಗೆ ಕೂಡಿ ಹರಳುಗಟ್ಟಿದಾಗ ರಸದ ಹುಳಿ ಇಳಿಯುತ್ತದೆ. ಆ ಖನಿಜವೇ ಕಡಿಮೆಯಿದ್ದರೆ ಹುಳಿ ಹಾಗೆಯೇ ಉಳಿಯುತ್ತದೆ. ಬಿಸಿಲು ತುಂಬಿದ ದಕ್ಷಿಣದ ದ್ವೀಪಗಳಲ್ಲಿ ಬೆಳೆದ ಬಿಳಿ ದ್ರಾಕ್ಷಿ ಮಾಗುತ್ತಿದ್ದಂತೆ ಹುಳಿ ಕಳೆದುಕೊಂಡು ಸಪ್ಪೆಯಾಗುವುದು ಸಾಮಾನ್ಯ. ಅಸಿರ್ಟಿಕೊ ಮಾತ್ರ ಶೇ 14ರಷ್ಟು ಆಲ್ಕೋಹಾಲ್ ಕೊಡುವಷ್ಟು ಸಕ್ಕರೆ ತುಂಬಿಕೊಂಡ ಮೇಲೂ ಪಿಎಚ್ ಮಟ್ಟವನ್ನು (ಇದು ಕಡಿಮೆಯಿದ್ದಷ್ಟೂ ಹುಳಿ ಹೆಚ್ಚು) 3ರ ಆಸುಪಾಸಿನಲ್ಲಿ ಉಳಿಸಿಕೊಳ್ಳಬಲ್ಲದು. ತಂಪು ನಾಡಿನ ಹುಳಿ ಮತ್ತು ಬಿಸಿ ನಾಡಿನ ಮೈಕಟ್ಟು ಒಂದೇ ಲೋಟದಲ್ಲಿ ಸಿಗುವುದು ಅಪರೂಪ, ಮತ್ತು ಈ ತಳಿಗೆ ಬೆಲೆ ಬಂದಿರುವುದು ಮುಖ್ಯವಾಗಿ ಇದರಿಂದಲೇ.

ದ್ವೀಪದಲ್ಲಿ ಮಳೆ ಕಡಿಮೆ, ಬೀಳುವುದೂ ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ಮರಳನ್ನು ಎತ್ತಿ ಎಸೆಯುವಷ್ಟು ಬಲವಾಗಿ ಬೀಸುತ್ತದೆ. ಆದ್ದರಿಂದ ಅಲ್ಲಿನ ರೈತರು ಬಳ್ಳಿಯನ್ನು ತಂತಿಯ ಮೇಲೆ ಹಬ್ಬಿಸದೆ, ನೆಲದ ಮೇಲೆಯೇ ರೆಂಬೆಗಳನ್ನು ಸುತ್ತಿ ಸುತ್ತಿ ಬುಟ್ಟಿಯಂತೆ ಹೆಣೆಯುತ್ತಾರೆ. ಕುಲೂರಾ ಎನ್ನುವ ಈ ಪದ್ಧತಿಯಲ್ಲಿ ಗೊಂಚಲುಗಳು ಬುಟ್ಟಿಯ ಒಳಗೆ ತೂಗುತ್ತವೆ. ಎಲೆಗಳು ಅವನ್ನು ಗಾಳಿ, ಬಿಸಿಲುಗಳಿಂದ ಕಾಪಾಡುತ್ತವೆ, ರಾತ್ರಿ ಸಮುದ್ರದಿಂದ ಏರಿಬರುವ ಮಂಜಿನ ತೇವವನ್ನು ಪ್ಯೂಮಿಸ್ ಕಲ್ಲು ಹೀರಿಕೊಂಡು ಹಗಲಿನಲ್ಲಿ ಬೇರಿಗೆ ಒದಗಿಸುತ್ತದೆ. ಬುಟ್ಟಿ ಹಲವು ದಶಕಗಳ ನಂತರ ಇಳುವರಿ ಕಳೆದುಕೊಂಡಾಗ ಅದನ್ನು ಬುಡದಲ್ಲಿ ಕತ್ತರಿಸುತ್ತಾರೆ, ಹಳೆಯ ಬೇರಿನಿಂದಲೇ ಹೊಸ ಬಳ್ಳಿ ಚಿಗುರುತ್ತದೆ. ನೋಡಲು ಎಷ್ಟೇ ಸೊಗಸಾಗಿದ್ದರೂ ಇದು ಕೂಲಿ ಹೆಚ್ಚು ಬೇಡುವ ಕೃಷಿ: ಯಂತ್ರ ಓಡಿಸಲಾಗದು, ಕೊಯ್ಲಿಗೆ ಬೆನ್ನು ಬಾಗಿಸಲೇಬೇಕು, ಇಳುವರಿಯಂತೂ ಅತಿ ಕಡಿಮೆ. ಅದರ ಜೊತೆಗೆ 1956ರ ಭೂಕಂಪದ ನಂತರ ಅನೇಕರು ದ್ವೀಪ ಬಿಟ್ಟುಹೋದದ್ದು ಮತ್ತು ಆಮೇಲೆ ಪ್ರವಾಸೋದ್ಯಮ ಬೆಳೆದು ತೋಟದ ಜಾಗದಲ್ಲಿ ಕಟ್ಟಡಗಳು ಎದ್ದದ್ದು ಸೇರಿ ಬಳ್ಳಿಯ ನೆಲ ಕುಗ್ಗುತ್ತ ಬಂದಿದೆ. ಸಾಂಟೊರಿನಿಯ ಬಾಟಲಿ ದುಬಾರಿ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಮೊದಲ ಬಾಟಲಿಯನ್ನು ಆರಿಸುವುದು

ಮೊದಲ ಬಾಟಲಿ ಸಾಂಟೊರಿನಿಯದ್ದೇ ಆಗಿರಲಿ, ಪೀಪಾಯಿಯಲ್ಲಿ ಇಡದೆ ಸ್ಟೀಲ್ ತೊಟ್ಟಿಯಲ್ಲಿ ಹುದುಗಿಸಿದ್ದಾಗಿರಲಿ, ಮತ್ತು ಕೊಯ್ಲಾಗಿ ಕನಿಷ್ಠ ಎರಡು ವರ್ಷ ಕಳೆದದ್ದಾಗಿರಲಿ. ಈ ಮೂರು ಷರತ್ತುಗಳಲ್ಲಿ ಕೊನೆಯದನ್ನೇ ಜನ ಹೆಚ್ಚಾಗಿ ಕಡೆಗಣಿಸುತ್ತಾರೆ. ಬಿಳಿ ವೈನನ್ನು ಆದಷ್ಟು ಹೊಸದಾಗಿರುವಾಗಲೇ ಕುಡಿಯಬೇಕು ಎಂಬ ಸಾಮಾನ್ಯ ನಂಬಿಕೆ ಈ ತಳಿಗೆ ಒಪ್ಪುವುದಿಲ್ಲ. ಕೊಯ್ಲಿನ ಮರುವರ್ಷವೇ ತೆರೆದ ಬಾಟಲಿಯಲ್ಲಿ ಹುಳಿಯೊಂದೇ ಮುಂದೆ ನಿಂತು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ.

ಲೇಬಲ್ಲಿನ ಮೇಲೆ ನೋಡಬೇಕಾದ ಮಾತುಗಳು ಹೆಚ್ಚಿಲ್ಲ. ಸಾಂಟೊರಿನಿ ಎಂಬುದು 1971ರಿಂದ ಕಾನೂನಿನ ರಕ್ಷಣೆಯಿರುವ ಮೂಲಸ್ಥಾನದ ಹೆಸರು. ಆ ರಕ್ಷಣೆಯ ಗುರುತಾದ ಪಿಡಿಒ ಎಂಬ ಅಕ್ಷರಗಳೊಂದಿಗೆ ಪಿಡಿಒ ಸಾಂಟೊರಿನಿ ಎಂದು ಬರೆದಿದ್ದರೆ ದ್ರಾಕ್ಷಿ ಆ ದ್ವೀಪಸಮೂಹದ್ದೇ, ಮತ್ತು ವೈನಿನ ಬಹುಪಾಲು ಅಸಿರ್ಟಿಕೊವೇ. ಉಳಿದ ಪಾಲು ಅಥಿರಿ ಮತ್ತು ಐದಾನಿ ಎಂಬ ಸ್ಥಳೀಯ ತಳಿಗಳದ್ದಾಗಿರಬಹುದು. ಇವೆರಡೂ ಮೃದು ಸ್ವಭಾವದವು. ಐದಾನಿ ಸ್ವಲ್ಪ ಹೂವಿನ ಪರಿಮಳವನ್ನು ತರುತ್ತದೆ, ಅಥಿರಿ ಹುಳಿಯ ಮೊನೆಯನ್ನು ತಗ್ಗಿಸುತ್ತದೆ. ತಳಿಯನ್ನೇ ಅರಿಯಬೇಕೆಂಬವರು ಲೇಬಲ್ಲಿನಲ್ಲಿ ಅಸಿರ್ಟಿಕೊ ಎಂಬ ಹೆಸರೂ ಸೇರಿರುವ ಬಾಟಲಿಯನ್ನು ಕೊಳ್ಳುವುದು ಒಳ್ಳೆಯದು, ಏಕೆಂದರೆ ಐರೋಪ್ಯ ಒಕ್ಕೂಟದ ನಿಯಮದಂತೆ ಒಂದೇ ತಳಿಯ ಹೆಸರನ್ನು ನಮೂದಿಸಿದ ವೈನಿನಲ್ಲಿ ಆ ತಳಿ ಕನಿಷ್ಠ ಶೇ 85ರಷ್ಟಿರಬೇಕು. ತಯಾರಕರಲ್ಲಿ ಆರ್ಗಿರೋಸ್, ಸಿಗಾಲಾಸ್, ಹಾಟ್ಜಿಡಾಕಿಸ್, ಗಾಯಾ ಮತ್ತು ದ್ವೀಪದ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಸ್ಯಾಂಟೊ ವೈನ್ಸ್ ಹೊರದೇಶಗಳಲ್ಲಿಯೂ ಹೆಚ್ಚಾಗಿ ಕಾಣಸಿಗುವ ಹೆಸರುಗಳು. ಗಾಯಾದವರು ಕೆಲವು ಬಾಟಲಿಗಳನ್ನು ಸಮುದ್ರದ ತಳದಲ್ಲಿಟ್ಟು ಮಾಗಿಸುವುದುಂಟು. ಕುತೂಹಲಕ್ಕೆ ಅದು ಸರಿ, ಮೊದಲ ಪರಿಚಯಕ್ಕೆ ಅದೇ ಸಂಸ್ಥೆಯ ಥಲಸಿಟಿಸ್ ಎಂಬ ಸಾಧಾರಣ ಬಾಟಲಿಯೇ ಸಾಕು.

ಬಾಟಲಿ ತೆರೆದ ಮೇಲೆ

ಅತಿಯಾದ ತಂಪು ಈ ವೈನಿನ ದೊಡ್ಡ ಶತ್ರು. ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿದರೆ ಅದು ಸುಮಾರು 5 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಮೊದಲೇ ಕಡಿಮೆಯಿರುವ ವಾಸನೆ ಪೂರ್ತಿ ಅಡಗಿಹೋಗಿ, ಹುಳಿ ಮತ್ತು ಒಗರು ಮಾತ್ರ ಒರಟಾಗಿ ತೋರುತ್ತವೆ. 10ರಿಂದ 12 ಡಿಗ್ರಿಗೆ ಬರುವವರೆಗೆ, ಎಂದರೆ ಕೋಣೆಯ ಬಿಸಿಯನ್ನು ಅವಲಂಬಿಸಿ ಕಾಲು ಗಂಟೆಯಿಂದ ಅರ್ಧ ಗಂಟೆ, ಹೊರಗಿಡಬೇಕು. ಲೋಟ ಕಿರಿದಾದದ್ದಾಗಿರಬಾರದು, ಮಧ್ಯಮ ಗಾತ್ರದ, ಹೊಟ್ಟೆ ಸ್ವಲ್ಪ ಅಗಲವಾಗಿರುವ ಲೋಟದಲ್ಲಿ ಅದು ಬೇಗ ಬಿಚ್ಚಿಕೊಳ್ಳುತ್ತದೆ. ತೆರೆದ ಹೊಸತರಲ್ಲಿ ಬೆಂಕಿಕಡ್ಡಿಯ ವಾಸನೆ ಬಲವಾಗಿದ್ದರೆ ಬಾಟಲಿ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಗಾಳಿ ಸೋಕದಂತೆ ತಯಾರಿಸಿದ ವೈನಿನಲ್ಲಿ ಉಳಿಯುವ ಗಂಧಕದ ಸಂಯುಕ್ತಗಳಿಂದ ಅದು ಬರುತ್ತದೆ, ಹೂಜಿಗೆ ಸುರಿದಿಟ್ಟರೆ ಬಹುಪಾಲು ಇಳಿದುಹೋಗುತ್ತದೆ.

ರುಚಿ ನೋಡುವಾಗ ಒಂದೊಂದು ಗುಟುಕಿಗೆ ಒಂದೊಂದೇ ಪ್ರಶ್ನೆಯನ್ನು ಇಟ್ಟುಕೊಳ್ಳುವುದು ಉತ್ತಮ. ಮೊದಲ ಗುಟುಕಿನಲ್ಲಿ ಹುಳಿಯನ್ನಷ್ಟೇ ಗಮನಿಸಬೇಕು. ನುಂಗಿದ ಮೇಲೆ ಬಾಯಲ್ಲಿ ನೀರು ಎಷ್ಟು ಊರುತ್ತದೆ, ಎಷ್ಟು ಹೊತ್ತು ಊರುತ್ತಲೇ ಇರುತ್ತದೆ ಎಂಬುದು ಹುಳಿಯನ್ನು ಅಳೆಯಲು ಎಲ್ಲರ ಬಳಿಯಲ್ಲೂ ಇರುವ ಸಾಧನ. ಅಸಿರ್ಟಿಕೊದಲ್ಲಿ ಈ ಹುಳಿ ಹೆಚ್ಚಾಗಿ ಟಾರ್ಟಾರಿಕ್ ಆಮ್ಲದ್ದು, ಹಸಿ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲದ್ದಲ್ಲ. ಆದ್ದರಿಂದ ಅದರಲ್ಲಿ ಕಾಯಿಯ ಒರಟು ಹುಳಿ ಇರದೆ, ನೇರವಾಗಿ ನಾಲಿಗೆಯ ಉದ್ದಕ್ಕೂ ಎಳೆದ ಗೆರೆಯಂಥ ಹುಳಿಯಿರುತ್ತದೆ.

ಎರಡನೆಯ ಗುಟುಕು ತೂಕಕ್ಕೆ. ವೈನನ್ನು ನುಂಗದೆ ಕೆಲವು ಕ್ಷಣ ಬಾಯಲ್ಲಿ ಹಿಡಿದರೆ ಅದು ನೀರಿನಂತೆ ತೆಳ್ಳಗಿದೆಯೇ, ಎಣ್ಣೆಯಂತೆ ಸ್ವಲ್ಪ ಮಂದವಾಗಿದೆಯೇ ಎಂದು ತಿಳಿಯುತ್ತದೆ. ಇಷ್ಟು ಹುಳಿಯಿರುವ ಬಿಳಿ ವೈನುಗಳು ಸಾಮಾನ್ಯವಾಗಿ ತೆಳುವಾಗಿರುತ್ತವೆ, ಅಸಿರ್ಟಿಕೊ ಹಾಗಲ್ಲ. ಹುದುಗಿದ ಮೇಲೆ ತಳದಲ್ಲಿ ಕೂತ ಯೀಸ್ಟಿನ ಗಸಿಯ ಮೇಲೆಯೇ ಹಲವು ತಿಂಗಳು ಬಿಟ್ಟ ವೈನಾಗಿದ್ದರೆ ಈ ಮಂದತೆ ಇನ್ನೂ ಸ್ಪಷ್ಟ. ಹುಳಿ ಮತ್ತು ತೂಕ ಒಂದನ್ನೊಂದು ಎಳೆದಾಡುವುದನ್ನು ಒಮ್ಮೆ ಗುರುತಿಸಿದವರು, ಇದೇ ತಳಿಯನ್ನು ಮುಂದೆ ಲೇಬಲ್ ನೋಡದೆಯೂ ಊಹಿಸಬಲ್ಲರು.

ಉಪ್ಪು ಮತ್ತು ಒಗರಿಗೆ ಕೊನೆಯ ಗುಟುಕುಗಳನ್ನು ಮೀಸಲಿಡಬೇಕು, ಇವು ನುಂಗಿದ ಮೇಲಷ್ಟೇ ತೋರುವಂಥವು. ಒಗರು ಒಸಡಿನ ಮೇಲೆ, ತೀರ ಎಳೆಯ ಟೀ ಕುಡಿದಾಗ ಆಗುವಷ್ಟು ಮಾತ್ರ. ಉಪ್ಪಿನ ಬಗ್ಗೆ ಒಂದು ಎಚ್ಚರಿಕೆ ಬೇಕು. ಬಳ್ಳಿಯ ಬೇರು ಜ್ವಾಲಾಮುಖಿಯ ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ತಂದಿದೆ ಎಂದು ಮಾರಾಟದ ಬರಹಗಳು ಹೇಳುತ್ತವೆ. ಕಲ್ಲು ಹಾಗೆ ನೇರವಾಗಿ ರುಚಿಯಾಗಿ ಬದಲಾಗುತ್ತದೆ ಎಂಬುದನ್ನು ಭೂವಿಜ್ಞಾನಿಗಳು ಒಪ್ಪುವುದಿಲ್ಲ. ಹಣ್ಣಿನ ಸಿಹಿವಾಸನೆ ಕಡಿಮೆಯಿದ್ದು ಹುಳಿ ಹೆಚ್ಚಿದ್ದಾಗ ನಾವು ಅದನ್ನು ಕಲ್ಲು, ಉಪ್ಪು ಎಂದು ಗುರುತಿಸುವುದು ಹೆಚ್ಚು ಸಂಭವನೀಯ. ಕಾರಣವೇನೇ ಇರಲಿ, ಅನುಭವವಂತೂ ನಿಜ, ಮತ್ತು ಅದನ್ನು ಹುಡುಕುವುದು ತಪ್ಪಲ್ಲ.

ಅರ್ಧ ಬಾಟಲಿಯನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮರುದಿನ ಮತ್ತೆ ರುಚಿ ನೋಡುವುದನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಪರಿಮಳದ ಮೇಲೆ ನಿಂತ ಬಿಳಿ ವೈನುಗಳು ಮರುದಿನಕ್ಕೆ ಸೊರಗಿರುತ್ತವೆ. ಒಳ್ಳೆಯ ಅಸಿರ್ಟಿಕೊ ಎರಡನೆಯ ದಿನ ಹೆಚ್ಚು ತೆರೆದುಕೊಂಡಿರುವುದೇ ಹೆಚ್ಚು. ಹಾಗೆ ಆಗದಿದ್ದರೆ ಆ ಬಾಟಲಿಯ ಬಗ್ಗೆಯೂ ಒಂದು ವಿಷಯ ತಿಳಿದಂತಾಯಿತು.

ಹೋಲಿಸಿ ನೋಡುವುದು

ಒಂದೇ ವೈನನ್ನು ಒಂಟಿಯಾಗಿ ಕುಡಿದು ತಳಿಯನ್ನು ಅರಿಯುವುದು ಕಷ್ಟ. ಎರಡನೆಯ ಹೆಜ್ಜೆಯಾಗಿ ಎರಡು ಲೋಟಗಳನ್ನು ಪಕ್ಕಪಕ್ಕ ಇಡಬೇಕು. ಮೊದಲ ಜೊತೆಗಾರನಾಗಿ ಫ್ರಾನ್ಸಿನ ಶಾಬ್ಲಿ ನನ್ನ ಆಯ್ಕೆ. ಅದೂ ಪರಿಮಳಕ್ಕಿಂತ ಹುಳಿಯನ್ನೇ ನೆಚ್ಚಿಕೊಂಡ ವೈನು, ಆದರೆ ತಂಪು ನಾಡಿನದ್ದು. ಎರಡರಲ್ಲೂ ಹುಳಿ ಸರಿಸಮವಾಗಿ ತೋರಿದರೂ ಸಾಂಟೊರಿನಿಯ ವೈನಿನ ಮೈ ಎಷ್ಟು ಅಗಲವೆಂಬುದು ಆಗ ತಾನಾಗಿ ಹೊಳೆಯುತ್ತದೆ. ರೀಸ್ಲಿಂಗ್ ಜೊತೆ ಹೋಲಿಸುವವರೂ ಇದ್ದಾರೆ, ಆದರೆ ರೀಸ್ಲಿಂಗಿನ ಪರಿಮಳ ಗಮನವನ್ನು ಮತ್ತೆ ಮೂಗಿನ ಕಡೆಗೇ ಸೆಳೆಯುವುದರಿಂದ ಕಲಿಯುವವರಿಗೆ ಅದು ಅಷ್ಟು ಉಪಯುಕ್ತವಲ್ಲ.

ಆಮೇಲೆ ಅದೇ ತಳಿಯನ್ನು ಬೇರೆ ನೆಲದಲ್ಲಿ ನೋಡಬೇಕು. ಅಸಿರ್ಟಿಕೊ ಇಂದು ಗ್ರೀಸಿನ ಮುಖ್ಯಭೂಮಿಯಲ್ಲಿಯೂ, ಮುಖ್ಯವಾಗಿ ಉತ್ತರದ ಮ್ಯಾಸಿಡೋನಿಯಾ ಪ್ರಾಂತ್ಯದ ಹಾಲ್ಕಿಡಿಕಿ, ಡ್ರಾಮಾ ಮುಂತಾದ ಕಡೆಗಳಲ್ಲಿ, ಮತ್ತು ಟಿನೋಸ್, ಕ್ರೀಟ್ ದ್ವೀಪಗಳಲ್ಲಿಯೂ ಬೆಳೆಯುತ್ತದೆ. ಮುಖ್ಯಭೂಮಿಯ ವೈನಿನಲ್ಲಿ ಹಣ್ಣು ಹೆಚ್ಚು ಎದ್ದು ಕಾಣುತ್ತದೆ. ಹುಳಿ ಇದ್ದರೂ ಉಪ್ಪು ಮತ್ತು ಒಗರು ಕಡಿಮೆ, ಬೆಲೆಯೂ ಕಡಿಮೆ. ಅಲ್ಲಿ ಅದನ್ನು ಇತರ ತಳಿಗಳೊಂದಿಗೆ ಬೆರೆಸುವುದು ವಾಡಿಕೆ: ಸೊವಿನ್ಯೋ ಬ್ಲಾಂಕ್ ಜೊತೆ, ಅಥವಾ 1970ರ ದಶಕದಲ್ಲಿ ಅಳಿವಿನ ಅಂಚಿನಿಂದ ಉಳಿದುಬಂದ ಮಲಗೂಸಿಯಾ ಎಂಬ ಪರಿಮಳದ ತಳಿಯ ಜೊತೆ. ಇಂಥ ಮಿಶ್ರಣಗಳಲ್ಲಿ ಪರಿಮಳ ಜೊತೆಯ ತಳಿಯದು, ಬೆನ್ನೆಲುಬು ಅಸಿರ್ಟಿಕೊದ್ದು. ಪೈನ್ ಮರದ ಅಂಟನ್ನು ಸೇರಿಸಿ ತಯಾರಿಸುವ ರೆಟ್ಸಿನಾದಲ್ಲಿಯೂ ಕೆಲವರು ಈಗ ಈ ತಳಿಯನ್ನು ಬಳಸುತ್ತಿದ್ದಾರೆ. ಗ್ರೀಸಿನ ಹೊರಗೆ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯಲ್ಲಿ ಜಿಮ್ ಬ್ಯಾರಿ ಸಂಸ್ಥೆ ಸಾಂಟೊರಿನಿಯಿಂದ ತರಿಸಿದ ಕಡ್ಡಿಗಳನ್ನು ನೆಟ್ಟು ವೈನ್ ತಯಾರಿಸುತ್ತಿದೆ. ಮಣ್ಣು ಬದಲಾದರೂ ಹುಳಿ ಬಹುಮಟ್ಟಿಗೆ ಉಳಿದಿದೆ ಎಂಬುದು ಗಮನಾರ್ಹ; ಎಂದರೆ ಅದರ ಎಲ್ಲ ಶ್ರೇಯಸ್ಸು ಬೂದಿಮಣ್ಣಿಗೇ ಸಲ್ಲದು, ತಳಿಯ ಸ್ವಭಾವವೂ ಅದರಲ್ಲಿ ಪಾಲುಗೊಂಡಿದೆ.

ನಿಕ್ಟೇರಿ ಮತ್ತು ವಿನ್‌ಸಾಂಟೊ

ಸಾದಾ ಸಾಂಟೊರಿನಿ ಪರಿಚಯವಾದ ಮೇಲೆ ದ್ವೀಪದ ಇನ್ನೆರಡು ಸಾಂಪ್ರದಾಯಿಕ ವೈನುಗಳ ಕಡೆ ಹೊರಳಬಹುದು. ನಿಕ್ಟೇರಿಗೆ ಹಣ್ಣನ್ನು ಇನ್ನಷ್ಟು ಮಾಗಲು ಬಿಡುತ್ತಾರೆ, ವೈನನ್ನು ಕನಿಷ್ಠ ಮೂರು ತಿಂಗಳು ಮರದ ಪೀಪಾಯಿಯಲ್ಲಿ ಇಡುತ್ತಾರೆ. ಹಗಲಿನ ಸೆಕೆಯನ್ನು ತಪ್ಪಿಸಲು ಹಿಂದೆ ರಾತ್ರಿಯೇ ಹಣ್ಣನ್ನು ಹಿಂಡುತ್ತಿದ್ದರು. ಇದು ತೂಕದ, ಆಲ್ಕೋಹಾಲ್ ಹೆಚ್ಚಿರುವ ವೈನು. 12ರಿಂದ 14 ಡಿಗ್ರಿಯಲ್ಲಿ, ಊಟದ ಜೊತೆಗೇ ಕುಡಿಯುವಂಥದ್ದು. ಪೀಪಾಯಿಯ ವೆನಿಲ್ಲಾ ವಾಸನೆ ತಳಿಯನ್ನು ಮುಚ್ಚುವಷ್ಟಿದ್ದರೆ ಅದನ್ನು ತಯಾರಕನ ಅತಿರೇಕವೆಂದು ತಿಳಿಯಬೇಕು.

ವಿನ್‌ಸಾಂಟೊ ಬೇರೆಯದೇ ಲೋಕ. ಮಾಗಿದ ಗೊಂಚಲುಗಳನ್ನು ಸುಮಾರು ಎರಡು ವಾರ ಬಿಸಿಲಿನಲ್ಲಿ ಹರಡಿ ಒಣಗಿಸಿ, ನೀರು ಆರಿ ಸಕ್ಕರೆ ಗಟ್ಟಿಯಾದ ಮೇಲೆ ಹಿಂಡಿ, ಅತಿ ನಿಧಾನವಾಗಿ ಹುದುಗಿಸಿ, ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ ಇಡುತ್ತಾರೆ. ಹತ್ತು, ಇಪ್ಪತ್ತು ವರ್ಷ ಇಡುವವರೂ ಇದ್ದಾರೆ. ಅದರಲ್ಲಿ ಕನಿಷ್ಠ ಶೇ 51 ಅಸಿರ್ಟಿಕೊ ಇರಬೇಕು. ಬಣ್ಣ ಕಂದು, ರುಚಿ ಒಣ ಅಂಜೂರ, ಒಣದ್ರಾಕ್ಷಿ, ಕಾಫಿ, ಸುಟ್ಟ ಸಕ್ಕರೆಗಳದ್ದು. ಆದರೆ ಇಲ್ಲಿಯೂ ಗಮನಿಸಬೇಕಾದದ್ದು ಹುಳಿಯೇ. ಒಣಗಿಸಿದಾಗ ಸಕ್ಕರೆಯ ಜೊತೆಗೆ ಆಮ್ಲವೂ ಸಾಂದ್ರವಾಗುವುದರಿಂದ, ಇಷ್ಟೊಂದು ಸಿಹಿಯ ನಡುವೆಯೂ ಬಾಯಲ್ಲಿ ಅಂಟು ಉಳಿಯುವುದಿಲ್ಲ. ಸಾದಾ ವೈನಿನ ಮೊದಲ ಗುಟುಕಿನಲ್ಲಿ ಗುರುತಿಸಿದ ಅದೇ ನೇರವಾದ ಹುಳಿಯನ್ನು ವಿನ್‌ಸಾಂಟೊದೊಳಗೆ ಪತ್ತೆ ಹಚ್ಚುವುದು ಈ ಕಲಿಕೆಯ ಅತ್ಯಂತ ಸಂತೋಷದ ಭಾಗ. ಕೊಳ್ಳುವಾಗ ಮಾತ್ರ ಇಟಲಿಯ ಟಸ್ಕನಿಯ ವಿನ್ ಸ್ಯಾಂಟೊ ಎಂಬ, ಬೇರೆ ತಳಿಗಳಿಂದ ಮಾಡಿದ ವೈನನ್ನು ಇದೇ ಎಂದು ತಿಳಿಯದಂತೆ ಎಚ್ಚರ ವಹಿಸಬೇಕು.

ಊಟದ ಜೊತೆ, ಮತ್ತು ಕೂಡಿಟ್ಟು

ಹುಳಿಯೂ ತೂಕವೂ ಇರುವುದರಿಂದ ಅಸಿರ್ಟಿಕೊ ಸಾಮಾನ್ಯ ಬಿಳಿ ವೈನುಗಳು ಸೋಲುವ ಕಡೆ ನಿಲ್ಲುತ್ತದೆ. ಟೊಮೆಟೊ ಇದಕ್ಕೆ ಉತ್ತಮ ಪರೀಕ್ಷೆ: ಹಣ್ಣಿನ ಹುಳಿ ವೈನಿನ ಹುಳಿಗಿಂತ ಹೆಚ್ಚಾದರೆ ವೈನ್ ಸಪ್ಪೆಯೆನಿಸುತ್ತದೆ, ಅಸಿರ್ಟಿಕೊ ಹಾಗೆ ಸೋಲುವುದು ಅಪರೂಪ. ಸಾಂಟೊರಿನಿಯ ಪುಟ್ಟ ಟೊಮೆಟೊಗಳಿಂದ ಮಾಡುವ ಕರಿದ ಉಂಡೆಗಳು, ಅಲ್ಲಿಯದೇ ಬೇಳೆಯನ್ನು ಬೇಯಿಸಿ ಅರೆದ ಫಾವಾ, ಕೇಪರ್ ಮೊಗ್ಗುಗಳು, ಕೆಂಡದ ಮೇಲೆ ಸುಟ್ಟ ಆಕ್ಟೋಪಸ್ ಮತ್ತು ಮೀನು ಇವೆಲ್ಲ ಅದರ ಹುಟ್ಟೂರಿನ ಜೊತೆಗಾರರು. ನಿಂಬೆರಸ ಹಿಂಡಿದ ಕುರಿಮಾಂಸಕ್ಕೂ ಅದು ಹೊಂದುತ್ತದೆ, ಇಂಥ ಕಡೆ ನಿಕ್ಟೇರಿ ಇನ್ನೂ ಲೇಸು. ಉಪ್ಪಿನ ಫೆಟಾ ಚೀಸ್ ಸುಲಭದ ಆರಂಭ. ಸಿಹಿ ಸೇರಿದ ಸಾಸುಗಳ ಜೊತೆ ಮಾತ್ರ ಸಾದಾ ಅಸಿರ್ಟಿಕೊವನ್ನು ಇಡಬಾರದು, ವೈನ್ ಕಹಿಯಾಗಿ ತೋರುತ್ತದೆ.

ಕೂಡಿಡಲು ಮನಸ್ಸಿದ್ದವರು ಒಂದೇ ವರ್ಷದ ಮೂರು ಬಾಟಲಿ ಕೊಂಡು, ಒಂದನ್ನು ಕೂಡಲೇ, ಇನ್ನೊಂದನ್ನು ಎರಡು ಮೂರು ವರ್ಷದ ನಂತರ, ಕೊನೆಯದನ್ನು ಎಂಟು ಹತ್ತು ವರ್ಷದ ಹೊತ್ತಿಗೆ ತೆರೆಯಬಹುದು. ಒಳ್ಳೆಯ ತಯಾರಕರ ಹಳೆಯ ಬಳ್ಳಿಯ ವೈನು ಅಷ್ಟು ಕಾಲ ಚೆನ್ನಾಗಿಯೇ ಬಾಳುತ್ತದೆ. ಹುಳಿ ಬಹುಮಟ್ಟಿಗೆ ಹಾಗೆಯೇ ಇದ್ದು, ಅದರ ಸುತ್ತ ಜೇನುಮೇಣ, ಹುರಿದ ಬಾದಾಮಿ, ಒಣಗಿದ ಸಿಪ್ಪೆಗಳ ವಾಸನೆ ಸೇರುತ್ತ ಹೋಗುತ್ತದೆ; ಎಳೆಯದರಲ್ಲಿ ಮೂಗಿಗೆ ಸಿಗದಿದ್ದದ್ದು ಸಿಗುವುದು ಈ ಹಂತದಲ್ಲಿ. ಬಾಟಲಿಗಳನ್ನು ಬೆಳಕು ಬೀಳದ, ಉಷ್ಣತೆ ಏರಿಳಿಯದ ಜಾಗದಲ್ಲಿ, ಸಾಧ್ಯವಾದರೆ 12ರಿಂದ 14 ಡಿಗ್ರಿಯಲ್ಲಿ ಇಡಬೇಕು. ಬಿರಡೆ ಕಾರ್ಕಿನದ್ದಾಗಿದ್ದರೆ ಒಣಗದಂತೆ ಅಡ್ಡ ಮಲಗಿಸಬೇಕು. ಅಂಥ ಜಾಗವಿಲ್ಲದಿದ್ದರೆ ಹತ್ತು ವರ್ಷದ ಯೋಜನೆಯನ್ನು ಕೈಬಿಟ್ಟು, ಅಂಗಡಿಯಲ್ಲಿ ಈಗಾಗಲೇ ನಾಲ್ಕೈದು ವರ್ಷ ಕಳೆದ ಬಾಟಲಿ ಸಿಗುವುದೇ ಎಂದು ವಿಚಾರಿಸುವುದು ಜಾಣತನ. ಮಾರಾಟವಾಗದೆ ಉಳಿದದ್ದೆಂದು ಇಂಥವನ್ನು ಕೆಲವೊಮ್ಮೆ ಕಡಿಮೆ ಬೆಲೆಗೂ ಕೊಡುತ್ತಾರೆ.